ಕೂತು ನುಡಿಸಬೇಕೆಂದವರು

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಮೊಬೈಲಿನ ಸ್ಟೇಟಸ್ಸಿನಿಂದ. ತರೀಕೆರೆಯ ನನ್ನ ಷಡ್ಡಕರು ಹಾಕಿದ್ದರು. ಹಿನ್ನೆಲೆಯಲ್ಲಿ ತೀರಿಕೊಂಡವರ ಕ್ಯಾಸೆಟ್ಟಿನ ಆ ಪ್ರಸಿದ್ಧ ಧಾಟಿ, ಎರಡೂ ಪಕ್ಕದಲ್ಲಿ ಉರಿಯುವ ದೀಪ, ಮಧ್ಯೆ ಒಂದು ಫೋಟೊ. ಫೋಟೊ ಮಾತ್ರ ಅವರದಾಗಿರಲಿಲ್ಲ. ಯಾರೋ ಉತ್ತರದ ಕಡೆಯ ವಿದ್ವಾಂಸರು, ಬಿಳಿ ಗಡ್ಡ, ಕೈಯಲ್ಲಿ ಶಹನಾಯಿ. ನಮ್ಮವರು ನುಡಿಸುತ್ತಿದ್ದದ್ದು ಕ್ಲಾರಿಯೋನೆಟ್. ಗಡ್ಡವನ್ನಂತೂ ಅವರು ಒಂದು ದಿನವೂ ಬಿಟ್ಟವರಲ್ಲ. ಫೋನು ಮಾಡಿ ಹೇಳಿದೆ. "ಹೌದೇನ್ರೀ? ಹುಡುಕಿದಾಗ ಇದೇ ಬಂತು ಕಣ್ರೀ. ಇರ್ಲಿ ಬಿಡಿ, ಧಾಟಿ ಅವರದೇ ತಾನೆ?" ಅಂದರು ಷಡ್ಡಕರು. ಧಾಟಿ ಅವರದೇ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವರನ್ನು ಬದುಕಿಡೀ ಕಾಡಿದ್ದೂ ಅದೇ.

ಫೋಟೊದಲ್ಲಿದ್ದ ವಿದ್ವಾಂಸರು ಇನ್ನೂ ಬದುಕಿದ್ದರೆ, ಅವರ ಮನೆಯವರ ಕಣ್ಣಿಗೆ ಈ ದೀಪಗಳು ಬಿದ್ದರೆ ಏನು ಗತಿ ಎಂದು ನಾನು ಆ ದಿನವೆಲ್ಲ ಯೋಚಿಸಿದೆ. ನನ್ನ ಸ್ವಭಾವವೇ ಅಂಥದು. ಕಡೂರಿನ ನಮ್ಮ ಸಂಗೀತ ಸಭೆಗೆ ನಾನು ಕಾರ್ಯದರ್ಶಿಯಾದದ್ದೂ ಈ ಗುಣದಿಂದಲೇ. ರಾಗ ತಾಳ ನನಗೆ ಅಷ್ಟಕ್ಕಷ್ಟೇ. ಆದರೆ ಕರೆಂಟು ಹೋದರೆ, ಮೃದಂಗದವರ ರೈಲು ತಪ್ಪಿದರೆ, ಕಾಫಿಯ ಫ್ಲಾಸ್ಕು ಸೋರಿದರೆ ಎಂದು ಮೊದಲೇ ಹೆದರಲು ಒಬ್ಬ ಬೇಕಿತ್ತು. ಉಳಿದ ಪದಾಧಿಕಾರಿಗಳು ಆ ಕೆಲಸವನ್ನು ನನಗೆ ವಹಿಸಿ ನೆಮ್ಮದಿಯಾಗಿ ಸಂಗೀತ ಕೇಳುತ್ತಾರೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕ್ಯಾಸೆಟ್ಟಿನ ಮೇಲೂ ಇರಲಿಲ್ಲ. 'ವಾದ್ಯವೃಂದ' ಎಂದಷ್ಟೇ ಇತ್ತು, ಚಿತ್ರ ಯಾರೋ ಮದುಮಗಳದು. ಒಮ್ಮೆ ನಾನು ಆ ವಿಷಯ ಎತ್ತಿದಾಗ, "ಹಾಕೋದಾದ್ರೆ ಎಲ್ಲಾರ್ಗಿಂತ ದೊಡ್ದಾಗಿ ಹಾಕ್ಬೇಕು. ಇಲ್ದಿದ್ರೆ ಬ್ಯಾಡ್ವೇ ಬ್ಯಾಡ" ಅಂದಿದ್ದರು. ದೊಡ್ಡದಾಗಿ ಹಾಕಿಸುವ ಶಕ್ತಿ ನನಗಿಲ್ಲ. ಆದ್ದರಿಂದ ಮೇಷ್ಟ್ರು ಎನ್ನುತ್ತೇನೆ. ಅಜ್ಜಂಪುರದ ಸುತ್ತ ಬ್ಯಾಂಡ್‌ಸೆಟ್ಟಿನ ಮುಖ್ಯಸ್ಥರನ್ನು ಎಲ್ಲರೂ ಕರೆಯುವುದು ಹಾಗೇ. ಬೀದಿಯ ಹುಡುಗರು 'ಪೀಪಿ ಮೇಷ್ಟ್ರು' ಅನ್ನುತ್ತಿದ್ದರು. ಅದು ಕಿವಿಗೆ ಬಿದ್ದರೆ ಅವರು ಬೈಯುತ್ತಿರಲಿಲ್ಲ. ನಿಂತು, ಅಂದವನ ಅಪ್ಪ ಯಾರೆಂದು ವಿಚಾರಿಸಿ, ನಿಮ್ಮಪ್ಪನ ಮದುವೆ ಮೆರವಣಿಗೆಗೆ ನುಡಿಸಿದ್ದು ನಾನೇ, ನಿಮ್ಮಪ್ಪ ಆವತ್ತು ಕುಣಿದದ್ದನ್ನ ಹೇಳಲಾ ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಆ ಕ್ಯಾಸೆಟ್ ಬಂದಾಗ ನಾನು ಕಡೂರಿನಲ್ಲಿ ಕಾಲೇಜು ಓದುತ್ತಿದ್ದೆ. ಹಾಡಿಲ್ಲದ, ಬರೀ ವಾದ್ಯದ ಕ್ಯಾಸೆಟ್ಟುಗಳಿಗೆ ಆಗ ಬಲು ಬೇಡಿಕೆ. ಹೋಟೆಲು, ಕಟಿಂಗ್ ಶಾಪು, ಛತ್ರ, ಬಸ್ಸು ಎಲ್ಲ ಕಡೆಗೂ ಹೊಂದುವ ಸರಕು ಅದು; ಅದರ ನಡುವೆ ಮಾತಾಡಬಹುದು, ಸುಮ್ಮನೆಯೂ ಇರಬಹುದು. ಈ ಕ್ಯಾಸೆಟ್ಟಿನ ತುಂಬ ಸಿನಿಮಾ ಹಾಡುಗಳೇ. ಎರಡನೇ ಬದಿಯ ಕಟ್ಟಕಡೆಗೆ ಮಾತ್ರ ಒಂದು ದಿಬ್ಬಣದ ಧಾಟಿ, ಹೆಣ್ಣನ್ನು ಗಂಡಿನ ಮನೆಗೆ ಕರೆತರುವಾಗ ನಮ್ಮ ಕಡೆ ಬ್ಯಾಂಡಿನವರು ನುಡಿಸಿಕೊಂಡು ಬರುವಂಥದ್ದು. ಸಿನಿಮಾ ಹಾಡುಗಳನ್ನು ಯಾರೂ ನೆನಪಿಡಲಿಲ್ಲ. ಕೊನೆಯದನ್ನು ಸಖರಾಯಪಟ್ಟಣದ ಕಡೆಯ ಖಾಸಗಿ ಬಸ್ಸಿನವರು ಟೇಪು ಸವೆಯುವವರೆಗೂ ಹಾಕಿದರು. ಟಾಕೀಸಿನಲ್ಲಿ ಪರದೆ ಮೇಲೇಳುವಾಗ ಅದೇ. ಛತ್ರದಲ್ಲಿ ಎಲೆ ಹಾಕುವಾಗ ಅದೇ. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿಯವರೆಗೂ ಹೋಯಿತಂತೆ. ಈಗ ಮದುವೆಯ ವಿಡಿಯೊದವರು ಡ್ರೋನು ಮೇಲೆ ಹಾರಿಸುವಾಗ ಹಾಕುವುದೂ ಅದನ್ನೇ.

ಅದರ ಗುಟ್ಟು ಹೀಗಿತ್ತು. ಧಾಟಿ ಎಲ್ಲೋ ದೂರದಲ್ಲಿ ಶುರುವಾಗುತ್ತದೆ. ನಿಧಾನವಾಗಿ ಹತ್ತಿರ ಬರುತ್ತದೆ, ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ, ಮತ್ತೆ ದೂರವಾಗುತ್ತದೆ. ಇನ್ನೇನು ಹೋಯಿತು ಅನ್ನುವಾಗ ತಿರುಗಿ ಬರುತ್ತದೆ. ನಾವು ಮನೆಯೊಳಗೆ ಕೂತಿದ್ದೇವೆ, ಬೀದಿಯಲ್ಲಿ ಯಾರದೋ ಮದುವೆ ಹೋಗುತ್ತಿದೆ, ಹಾಗೆ. ಕೇಳಿದವರಿಗೆಲ್ಲ ತಮ್ಮನ್ನು ಕರೆಯದ ಒಂದು ಮದುವೆ ನೆನಪಾಗುತ್ತಿತ್ತು. ಗೆಳೆಯರು ಅದನ್ನು ಸ್ಟೀರಿಯೊ ಎಫೆಕ್ಟ್ ಎಂದು ಕೊಂಡಾಡುತ್ತಿದ್ದರು. ನಾನು ನಮ್ಮ ಟೇಪ್‌ರೆಕಾರ್ಡರಿನ ವಾಲ್ಯೂಮಿನ ತಿರುಪು ಕೆಟ್ಟಿದೆಯೆಂದು ಅದನ್ನು ರಿಪೇರಿಗೆ ಕೊಟ್ಟಿದ್ದೆ.

ಅಜ್ಜಂಪುರ ಹೊಸದಾಗಿ ತಾಲ್ಲೂಕಾದಾಗ ಅಲ್ಲಿನ ಕಚೇರಿಗೆ ನನ್ನನ್ನು ವರ್ಗ ಮಾಡಿದರು. ಸಂಸಾರ ಕಡೂರಿನಲ್ಲೇ, ವಾರವಿಡೀ ನಾನು ಅಲ್ಲೊಂದು ರೂಮಿನಲ್ಲಿದ್ದೆ. ಮಧ್ಯೆ ಒಂದೇ ಗೋಡೆ, ಆಚೆ ಮೇಷ್ಟ್ರ ಮನೆ. ಕ್ಲಾರಿಯೋನೆಟ್ ಕೇಳಿಸುತ್ತಿತ್ತು, ಆ ಪ್ರಸಿದ್ಧ ಧಾಟಿಯ ಮನುಷ್ಯ ಅವರೇ ಎಂದು ತಿಳಿದಿರಲಿಲ್ಲ. ತಿಳಿಸಿದವರು ಅವರೇ, ಪರಿಚಯದ ಮೊದಲ ಮಾತಿನಲ್ಲೇ. ವಿನಯ ಅವರ ಜಾಯಮಾನದಲ್ಲಿ ಇರಲಿಲ್ಲ. ತಲೆಗೂದಲಿಗೆ ಕಪ್ಪು ಬಣ್ಣ, ಕನ್ನಡಿಯಂಥ ಬೂಟು, ಇಸ್ತ್ರಿ ಮುರಿಯದ ಅಂಗಿ. ಅಂಗಡಿಗೆ ಉಪ್ಪು ತರಲು ಹೋಗುವಾಗಲೂ ಹೀಗೇ. ತಮ್ಮನ್ನು 'ಆರ್ಟಿಸ್ಟು' ಎಂದೇ ಹೇಳಿಕೊಳ್ಳುತ್ತಿದ್ದರು, ಅದೂ ಮೂರನೆಯವರ ಬಗ್ಗೆ ಹೇಳುವಂತೆ: ಆರ್ಟಿಸ್ಟಿಗೆ ತಣ್ಣಗಿಂದು ಆಗಲ್ಲ, ಆರ್ಟಿಸ್ಟು ಬಿಸಿಲಲ್ಲಿ ನಿಲ್ಲಬಾರದು.

ಒಮ್ಮೆ ಬೀರೂರಿನಿಂದ ಬರುವಾಗ ಬಸ್ಸಿನಲ್ಲಿ ಆ ಧಾಟಿಯೇ ಹಾಕಿತ್ತು. ಮೇಷ್ಟ್ರು ಕಂಡಕ್ಟರನ್ನು ಹತ್ತಿರ ಕರೆದು, ಇದನ್ನು ನುಡಿಸಿದವನು ನಾನು ಎಂದರು. ಅವನು ಅವರನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರೆ ಟಿಕೆಟ್ ಬ್ಯಾಡ ಅಂತೀರಾ?" ಅಂದ. ಪಕ್ಕದಲ್ಲಿ ಕೂತಿದ್ದ ನನಗೆ ಜಗಳವಾಗುತ್ತದೆಂದು ಬೆವರು ಬಂತು. ಮೇಷ್ಟ್ರು ಶಾಂತವಾಗಿ ಜೇಬಿಗೆ ಕೈ ಹಾಕಿ, "ಟಿಕೆಟ್ ಕೊಡಪ್ಪ. ಸೌಂಡ್ ಸ್ವಲ್ಪ ಕಮ್ಮಿ ಮಾಡು. ಕೇಳಿ ಕೇಳಿ ನಂಗೇ ಸಾಕಾಗೈತೆ" ಅಂದರು.

ಆ ಹತ್ತಿರ ಬರುವ, ದೂರ ಹೋಗುವ ವಿದ್ಯೆಯನ್ನು ಹೇಗೆ ಸಾಧಿಸಿದಿರಿ ಎಂದು ನಾನು ಭಯಭಕ್ತಿಯಿಂದ ಕೇಳಿದ್ದೆ. ಅವರು ಬಹಳ ಹೊತ್ತು ನಕ್ಕು ಕಥೆ ಹೇಳಿದರು. ಶಿವನಿಯ ಒಂದು ಮದುವೆಯಲ್ಲಿ ಅವರನ್ನು ಕೇಳಿದ ಕ್ಯಾಸೆಟ್ ಕಂಪನಿಯವರೊಬ್ಬರು ಬೆಂಗಳೂರಿಗೆ ಕರೆಸಿಕೊಂಡಿದ್ದರು. ಸ್ಟುಡಿಯೊದಲ್ಲಿ ಒಂದು ಕುರ್ಚಿ, ಅದರೆದುರು ಒಂದು ಮೈಕು. ಅಲುಗಾಡಬಾರದು ಎಂದು ಅಪ್ಪಣೆ. ಆವರೆಗೆ ಅವರು ನಾಲ್ಕು ಜನರೆದುರು ಕೂತು ನುಡಿಸಿದವರೇ ಅಲ್ಲ. ಅವರ ಅಪ್ಪ, ಅಜ್ಜ ಯಾರೂ ಕೂತು ನುಡಿಸಿದವರಲ್ಲ. ಬ್ಯಾಂಡಿನವರ ಉಸಿರು ಹೆಜ್ಜೆಯ ಲೆಕ್ಕದಲ್ಲಿ ಹೋಗುವಂಥದ್ದು. ಹೇಗೋ ಮೈ ಬಿಗಿಹಿಡಿದು ಸಿನಿಮಾ ಹಾಡುಗಳನ್ನು ಮುಗಿಸಿದರು. ಕೊನೆಗೆ ಟೇಪಿನಲ್ಲಿ ಒಂದಿಷ್ಟು ಜಾಗ ಉಳಿಯಿತು. ಏನಾದರೂ ನುಡಿಸಿ ತುಂಬಿಸಿ ಎಂದು ರೆಕಾರ್ಡಿಂಗಿನವನು ಹೇಳಿ, ಊಟದ ಮಂಪರಿನಲ್ಲಿ ಗೋಡೆಗೆ ಒರಗಿದ. ಮೇಷ್ಟ್ರು ಕಣ್ಣು ಮುಚ್ಚಿ ದಿಬ್ಬಣದ ಧಾಟಿ ಎತ್ತಿಕೊಂಡರು. ಕಣ್ಣು ತೆರೆದಾಗ ಅವರು ಕುರ್ಚಿಯಲ್ಲಿ ಇರಲಿಲ್ಲ. ಬಾಗಿಲ ಹತ್ತಿರ ಇದ್ದರು. ಸ್ಟುಡಿಯೊದ ಈ ಗೋಡೆಯಿಂದ ಆ ಗೋಡೆಗೆ ಮೆರವಣಿಗೆ ಹೋಗಿ ಬಂದಿದ್ದರು, ಎಷ್ಟು ಸಲವೋ ಅವರಿಗೇ ಗೊತ್ತಿಲ್ಲ.

"ಯಾಕೆ ಎದ್ರಿ ಮೇಷ್ಟ್ರೆ?" ಅಂತ ಕೇಳಿದೆ.

"ದಿಬ್ಬಣದ್ದು ಕಣ್ರೀ ಅದು. ಕೂತ್ಕಂಡು ಹೆಂಗೆ ನುಡ್ಸೋದು? ಹೆಣ್ಣು ಮನೆ ಸೇರ್ಬ್ಯಾಡ್ವಾ?"

ಹೀಗೆ ರಾಜ್ಯವೆಲ್ಲ ಮೆಚ್ಚಿದ ಆ ಕಲೆ, ಒಬ್ಬ ಮನುಷ್ಯನಿಗೆ ಕುರ್ಚಿಯಲ್ಲಿ ಕೂರಲು ಬಾರದೆ ಆದ ಎಡವಟ್ಟು. ಇದನ್ನು ಅವರು ತಮಾಷೆಯಾಗಿಯೇ ಹೇಳುತ್ತಿದ್ದರು. ಆದರೆ ಅದರ ಹಿಂದೆ ತಮಾಷೆಯಲ್ಲದ ಒಂದು ವಿಷಯ ಇದ್ದದ್ದು ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು.

ಯೌವನದಲ್ಲಿ ಅವರು ತರೀಕೆರೆಯ ಒಂದು ದೊಡ್ಡ ಮದುವೆಗೆ ಬ್ಯಾಂಡು ತೆಗೆದುಕೊಂಡು ಹೋಗಿದ್ದರು. ಬೆಳಿಗ್ಗೆ ಮೆರವಣಿಗೆಯಲ್ಲಿ ಹಿರಿಯರು, 'ನಡೀರೋ, ಮುಂದಕ್ಕೆ ನಡೀರೋ' ಎಂದು ಟವೆಲ್ಲು ಬೀಸುತ್ತಿದ್ದರು. ಮುಹೂರ್ತ ಮುಗಿದು, ಸಂಜೆ ಅದೇ ಚಪ್ಪರದಲ್ಲಿ ಪಿಟೀಲು ಕಚೇರಿ. ಟವೆಲ್ಲು ಬೀಸಿದ ಹಿರಿಯರೇ ಈಗ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಕ್ಕಳು ಕಿರುಚಿದರೆ ಕಣ್ಣು ಬಿಡುತ್ತಿದ್ದರು. ಬ್ಯಾಂಡಿನವರು ಅಡುಗೆ ಶೆಡ್ಡಿನ ಪಕ್ಕದಲ್ಲಿ ನಿಂತು ಕೇಳಿದರು. ಅವರಿಗೆ ಎಲೆ ಹಾಕಿದ್ದೂ ಅಲ್ಲೇ. ಪಿಟೀಲಿನವರು ನುಡಿಸಿದ್ದಕ್ಕಿಂತ ಹೆಚ್ಚಾಗಿ ಅವರು ಕೂತಿದ್ದ ರೀತಿ ಮೇಷ್ಟ್ರ ಕಣ್ಣಲ್ಲಿ ಉಳಿಯಿತು. ಎಲ್ಲಿಗೂ ಹೋಗಬೇಕಾಗಿಲ್ಲದ ಮನುಷ್ಯ. ಅವರನ್ನು ಮುಂದಕ್ಕೆ ನಡಿ ಎನ್ನುವವರು ಯಾರೂ ಇಲ್ಲ.

"ನಡ್ಕಂಡು ನುಡ್ಸಿದ್ರೆ ಜನ ಮದುಮಗನ್ನ ನೋಡ್ತಾರೆ," ಅನ್ನುತ್ತಿದ್ದರು. "ಕೂತ್ಕಂಡು ನುಡ್ಸಿದ್ರೆ ನನ್ನ ನೋಡ್ಬೇಕಾಗ್ತದೆ. ಬೇರೆ ದಾರಿ ಇರಲ್ಲ ಅವ್ರಿಗೆ."

ಒಂದು ಸಲ, ಒಂದೇ ಒಂದು ಸಲ, ವೇದಿಕೆಯ ಮೇಲೆ ಕೂತು ಪೂರ್ತಿ ಕಚೇರಿ ಮಾಡಬೇಕು. ಬೇರೆ ಯಾವ ಆಸೆಯೂ ಅವರಿಗೆ ಇದ್ದಂತೆ ನನಗೆ ಕಾಣಲಿಲ್ಲ. ಅದಕ್ಕಾಗಿ ತರೀಕೆರೆಯ ಒಬ್ಬ ನಾಗಸ್ವರದ ಹಿರಿಯರ ಹತ್ತಿರ ರಾಗಗಳನ್ನು ಕಲಿತಿದ್ದರು. ಗುರುಗಳು ಪಡಸಾಲೆಯಲ್ಲಿ, ಇವರು ಜಗುಲಿಯ ಮೆಟ್ಟಿಲ ಬಳಿ. ಅಲ್ಲೂ ನಿಂತೇ. ಯಾರೂ ನಿಲ್ಲು ಅನ್ನಲಿಲ್ಲ, ಯಾರೂ ಕೂರು ಅನ್ನಲಿಲ್ಲ ಎಂದು ಹೇಳಿ ಮಾತು ಬದಲಾಯಿಸಿದ್ದರು.

ಮೊದಲ ಕ್ಯಾಸೆಟ್ ಓಡಿದ ಹುರುಪಿನಲ್ಲಿ ಕಂಪನಿಯವರನ್ನು ಒಪ್ಪಿಸಿ ಎರಡನೆಯದೊಂದನ್ನು ಮಾಡಿದರು. ಬರೀ ರಾಗಗಳು. ಎಲ್ಲ ಕೂತು ನುಡಿಸಿದ್ದು. ಯಾರಿಗೂ ಕಾಣದಂತೆ ಕುರ್ಚಿಯ ಕಾಲಿಗೆ ತಮ್ಮ ಕಾಲನ್ನು ಕಟ್ಟಿಕೊಂಡಿದ್ದರಂತೆ. ಅದು ಓಡಲಿಲ್ಲ. ಬಸ್ಸಿನವನೊಬ್ಬ ಹಾಕಿ, ಇದೇನು ಇದ್ದಲ್ಲೇ ಇದೆಯಲ್ಲ ಎಂದು ತೆಗೆದನಂತೆ. ಉಳಿದ ಪೆಟ್ಟಿಗೆಗಳನ್ನು ಕಂಪನಿ ಇವರ ಮನೆಗೇ ಕಳಿಸಿತು. ಮೇಷ್ಟ್ರು ಅವನ್ನು ಬಂದ ಮದುವೆಗಳಿಗೆಲ್ಲ ಮುಯ್ಯಿ ಮಾಡಿದರು. ಜನ ಅದರ ಬೆನ್ನಿನ, ಅಳಿಸಿಹೋಗದಂತೆ ಕಾಯುವ ತೂತಿಗೆ ಕಾಗದ ತುರುಕಿ, ಮೇಲೆ ತಮಗೆ ಬೇಕಾದ್ದನ್ನು ರೆಕಾರ್ಡು ಮಾಡಿಕೊಂಡರು. ನನ್ನ ಷಡ್ಡಕರಿಗೂ ಒಂದು ಬಂದಿತ್ತು. ಅದರಲ್ಲಿ ಅವರ ಮಗಳು ಶಿಶುವಿಹಾರದ ಪದ್ಯಗಳನ್ನು ಒಪ್ಪಿಸಿದ್ದಾಳೆ. ಪದ್ಯ ಮುಗಿದು, ಷಡ್ಡಕರು ಕೆಮ್ಮಿ, ಗುಂಡಿ ಒತ್ತಿದ ಸದ್ದಾದ ಮೇಲೆ ಕಲ್ಯಾಣಿ ರಾಗದ ಒಂದು ಚೂರು ಉಳಿದುಕೊಂಡಿದೆ. ಆ ಕ್ಯಾಸೆಟ್ಟಿನಲ್ಲಿ ನಾನು ಕೇಳಿರುವುದು ಅಷ್ಟೇ. ಚೆನ್ನಾಗಿದೆ ಎಂದು ನನ್ನ ಅಲ್ಪಮತಿಗೆ ಅನ್ನಿಸಿತು.

ಮೊದಲ ಕ್ಯಾಸೆಟ್ಟಾದರೂ ಅವರಿಗೆ ಸುಖ ಕೊಟ್ಟಿತೇ ಎಂದರೆ ಅದೂ ಇಲ್ಲ. ಸಿಂಗಟಗೆರೆಯಲ್ಲಿ ನಡೆದದ್ದನ್ನು ಅವರ ಡ್ರಮ್ಮಿನವರು ಹೇಳಿದ್ದರು; ಮೇಷ್ಟ್ರು ತಾವಾಗಿ ಎಂದೂ ಹೇಳಲಿಲ್ಲ. ಅಲ್ಲಿನ ಮದುವೆಯೊಂದರಲ್ಲಿ ದಿಬ್ಬಣದ ಧಾಟಿ ನುಡಿಸುತ್ತಿದ್ದಾಗ ಹೆಣ್ಣಿನ ಸೋದರಮಾವ ನಿಲ್ಲಿಸಿದರಂತೆ. ನೀವು ತಪ್ಪು ನುಡಿಸ್ತಿದೀರಿ, ಕ್ಯಾಸೆಟ್ಟಿನ ಹಾಗೆ ಬರ್ತಿಲ್ಲ ಎಂದು ಆಕ್ಷೇಪಣೆ. ಮೆರವಣಿಗೆಯ ಜೊತೆಯಲ್ಲೇ ನಡೆಯುವವರಿಗೆ ಅದು ಹತ್ತಿರ ಬರುವುದೆಲ್ಲಿ, ದೂರ ಹೋಗುವುದೆಲ್ಲಿ? ಮಾವನವರು ಅಷ್ಟಕ್ಕೇ ಬಿಡಲಿಲ್ಲ. ಬ್ಯಾಂಡಿನವರನ್ನು ಮನೆಯ ಮುಂದೆ ನಿಲ್ಲಿಸಿ, ಒಳಗಿನಿಂದ ಟೇಪ್‌ರೆಕಾರ್ಡರ್ ತರಿಸಿ, ಕ್ಯಾಸೆಟ್ ಹಾಕಿ, 'ಕೇಳಿ ಕಲ್ತ್ಕೊಳಿ' ಎಂದರು. ಡ್ರಮ್ಮಿನವರು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಅವರ ಕೈ ಒತ್ತಿ ಸುಮ್ಮನಾಗಿಸಿದರು. ತಮ್ಮದೇ ಧಾಟಿಯನ್ನು ಕೊನೆಯವರೆಗೂ ತಲೆ ಬಗ್ಗಿಸಿ ಕೇಳಿದರು. ಆಮೇಲೆ ಹೇಳಿದರಂತೆ:

"ಚೆನ್ನಾಗಿ ನುಡಿಸ್ತಾನೆ ಸ್ವಾಮಿ. ಆದ್ರೆ ಒಂದ್ಕಡೆ ನಿಲ್ಲಲ್ಲ."

ಕೆಲವು ವರ್ಷಗಳಲ್ಲಿ ಸಿಂಗಟಗೆರೆಯ ಮಾವನಂಥವರಿಗೆ ಸುಲಭದ ದಾರಿ ಸಿಕ್ಕಿತು. ಬ್ಯಾಂಡಿನವರನ್ನು ಕರೆಯುವ ಬದಲು ಟೆಂಪೊದ ಮೇಲೆ ಎರಡು ದೊಡ್ಡ ಬಾಕ್ಸ್ ಕಟ್ಟಿ ಕ್ಯಾಸೆಟ್ಟನ್ನೇ ಹಾಕತೊಡಗಿದರು. ಅದರ ಮುಂದೆ ಅದನ್ನು ನುಡಿಸಿದವರಿಗೇ ಕೆಲಸ ಕಡಿಮೆಯಾಯಿತು. ಇದನ್ನು ನಾನು ದುಃಖದಿಂದ ಹೇಳಿದಾಗ ಮೇಷ್ಟ್ರು ನನ್ನನ್ನೇ ಸಮಾಧಾನ ಮಾಡಿದರು. ಒಳ್ಳೇದಾಯ್ತು ಬಿಡಿ, ನಡೆಯೋ ಕೆಲಸ ಅದು ನೋಡ್ಕೊಳ್ಳುತ್ತೆ, ನಾನು ಕೂರೋದು ಕಲೀತೀನಿ ಎಂದರು.

ಕಲಿಯುತ್ತಲೇ ಇದ್ದರು. ಗೋಡೆಯಾಚೆ ಮಧ್ಯಾಹ್ನದ ಹೊತ್ತು ರಾಗ ಕೇಳಿಸುತ್ತಿತ್ತು. ಒಂದು ರಜಾ ದಿನ ಹೋಗಿ ನೋಡಿದೆ. ಮಣೆಯ ಮೇಲೆ ಕಾಲು ಮಡಚಿ ಕೂತು, ದಪ್ಪ ಟವೆಲ್ಲೊಂದನ್ನು ಬೆನ್ನ ಹಿಂದಿನಿಂದ ತಂದು ಎರಡೂ ಮಂಡಿಗಳನ್ನು ಸೇರಿಸಿ ಬಿಗಿದುಕೊಂಡಿದ್ದರು, ಕಾಲು ಎದ್ದು ಹೋಗದಿರಲೆಂದು. ಬಲಗಾಲಿನ ಹೆಬ್ಬೆರಳು ಮಾತ್ರ ನಡೆಯುತ್ತಲೇ ಇತ್ತು. ಅವರ ಹೆಂಡತಿ ಒಳಗಿನಿಂದ ಕಾಫಿ ತಂದು ಕೊಡುತ್ತ, "ಇವ್ರು ಹಿಂಗೆ ಕೂತಿದ್ರೆ ನಂಗೆ ಭಯ ಆಗ್ತದೆ ಕಣಣ್ಣ, ಜ್ವರ ಬಂದದೇನೋ ಅಂತ" ಎಂದರು. ಮೇಷ್ಟ್ರು, ಆರ್ಟಿಸ್ಟಿನ ಮುಂದೆ ಹಂಗೆಲ್ಲ ಮಾತಾಡಬಾರದು ಎಂದು ಗದರಿದರು. ಆಕೆ ನಗುತ್ತ ಒಳಗೆ ಹೋದರು.

ಆಮೇಲೆ ಕೊರೊನಾ ಬಂತು. ಮೇಷ್ಟ್ರಿಗೂ ಬಂತು. ಉಳಿದರು, ಆದರೆ ಉಸಿರು ಮೊದಲಿನಂತಾಗಲಿಲ್ಲ. ಶಿವಮೊಗ್ಗದ ಡಾಕ್ಟರು ಇನ್ನು ಊದುವ ಕೆಲಸ ಸಾಕು, ನಿಲ್ಲಿಸಿಬಿಡಿ ಎಂದರು. ಆ ಚೀಟಿ ಹಿಡಿದು ಅವರು ನೇರ ನನ್ನ ಬಾಗಿಲಿಗೆ ಬಂದರು. ನಿಲ್ಲಿಸ್ತೀನಿ, ಆದ್ರೆ ಅದಕ್ಕೆ ಮೊದಲು ನಿಮ್ಮ ಸಭೆಯಲ್ಲಿ ನನ್ನನ್ನ ಕೂರಿಸಿ ಎಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ನಮ್ಮ ಸಭೆಯ ಅಧ್ಯಕ್ಷರು ಕೊಬ್ಬರಿ ವ್ಯಾಪಾರಿಗಳು, ಒಳ್ಳೆಯವರು, ಜನ ಸೇರದ ಕಾರ್ಯಕ್ರಮ ಕಂಡರೆ ಅವರಿಗಾಗದು. ಆ ದಿಬ್ಬಣದ ಧಾಟಿಯವರು ಎಂದ ಕೂಡಲೇ ಒಪ್ಪಿದರು. ಕರಪತ್ರದಲ್ಲಿ 'ದಿಬ್ಬಣದ ಧಾಟಿ ಖ್ಯಾತಿಯ' ಎಂದು ಹಾಕಿಸಿ, ಹಾಲ್ ತುಂಬುತ್ತದೆ ಎಂದರು. ನಾನು ಮೇಷ್ಟ್ರಿಗೆ ಅದನ್ನು ತಿಳಿಸಿದೆ. ಹಾಕ್ಕೊಳಿ, ಖ್ಯಾತಿ ನಂದೇ ತಾನೆ. ಆದ್ರೆ ಅದನ್ನ ನುಡಿಸಲ್ಲ ಎಂದರು. ಅಧ್ಯಕ್ಷರಿಗೆ ಇದನ್ನು ತಿಳಿಸಿದೆ. "ಜನ ಕೇಳ್ತಾರೆ ಕಣ್ರೀ. ಕೇಳಿದ್ಮೇಲೆ ನುಡಿಸ್ದೆ ಇರಕ್ಕಾಗ್ತದಾ? ಅವ್ರೂ ಮನುಷ್ಯರೇ ತಾನೆ" ಎಂದು ಅವರು ಕೊಬ್ಬರಿಯ ಧಾರಣೆ ನೋಡತೊಡಗಿದರು. ಇಬ್ಬರೂ ನಿಶ್ಚಿಂತರಾದರು. ಚಿಂತೆಯನ್ನು ಸಂಪ್ರದಾಯದಂತೆ ನನಗೆ ಬಿಟ್ಟರು.

ಅದು ಒಂದು ಭಾನುವಾರದ ಸಂಜೆ, ಹೈಸ್ಕೂಲಿನ ಹಾಲ್. ಮೇಷ್ಟ್ರು ಅಜ್ಜಂಪುರದಿಂದ ರೈಲಿನಲ್ಲಿ ಬಂದರು. ಬ್ಯಾಂಡಿನ ಕೆಂಪು ಕೋಟಿನಲ್ಲೇ ಅವರನ್ನು ನೋಡಿದ್ದವರಿಗೆ ಬಿಳಿ ಜುಬ್ಬದಲ್ಲಿ ಗುರುತು ಸಿಗಲಿಲ್ಲ. ಹೆಂಡತಿಯೂ ಬಂದಿದ್ದರು. ಗಂಡ ಜನರೆದುರು ನುಡಿಸುವುದನ್ನು ಆಕೆ ಆವರೆಗೆ ನೋಡಿರಲಿಲ್ಲವಂತೆ. ಮೆರವಣಿಗೆಗೆ ಬ್ಯಾಂಡಿನವರ ಹೆಂಡಿರು ಹೋಗುವ ಪದ್ಧತಿಯಿಲ್ಲ. ಮುಂದಿನ ಸಾಲಿನಲ್ಲಿ ಕೂರಿ ಎಂದರೆ ಒಪ್ಪದೆ ಕಂಬದ ಪಕ್ಕ ಕೂತರು.

ಹಾಲ್ ನಿಜವಾಗಿಯೂ ತುಂಬಿತ್ತು. ಗೋಡೆಗೆ ಒರಗಿ ನಿಂತವರೂ ಇದ್ದರು. ಮೇಷ್ಟ್ರು ಜಮಖಾನದ ಮೇಲೆ ಕಾಲು ಮಡಚಿ ಕೂತರು. ಟವೆಲ್ಲು ಬಿಗಿದು, ಅದು ಕಾಣದಂತೆ ಮೇಲೆ ಶಾಲು ಹೊದ್ದರು. ಒಂದು ಪಕ್ಕ ಪಿಟೀಲು, ಇನ್ನೊಂದು ಪಕ್ಕ ತರೀಕೆರೆಯ ಮೃದಂಗದವರು. ಹಂಸಧ್ವನಿಯಲ್ಲಿ ಚಿಕ್ಕದೊಂದು ನುಡಿಸಿ ಮುಗಿಸಿದರು. ಚಪ್ಪಾಳೆ ಬಂತು, ಬಹಳ ಜನ ಫೋನುಗಳನ್ನು ಎತ್ತಿ ಹಿಡಿದರು. ಮುಂದಿನದು ದಿಬ್ಬಣದ್ದಲ್ಲ ಎಂದು ಗೊತ್ತಾದಾಗ ಇಳಿಸಿದರು. ನಾವು ಗೊತ್ತುಮಾಡಿದ್ದ ವಿಡಿಯೊದವನೂ ಕ್ಯಾಮೆರಾ ಆರಿಸಿ ಕೂತ. ಬ್ಯಾಟರಿ ಉಳಿಸ್ತಿದೀನಿ ಸಾರ್, ಅದು ಬಂದಾಗ ಬೇಕಲ್ಲ ಎಂದ.

ಕಾಂಬೋಧಿ ಎತ್ತಿಕೊಂಡರು. ರಾಗದ ಬಗ್ಗೆ ನಾನು ಹೇಳಿದರೆ ಅಧಿಕಪ್ರಸಂಗವಾದೀತು. ಕಂಡದ್ದನ್ನು ಹೇಳುತ್ತೇನೆ. ಉಸಿರು ಸಾಲದೆ ಅವರು ಆಗಾಗ ನುಡಿಸುವುದನ್ನು ನಿಲ್ಲಿಸಬೇಕಾಗುತ್ತಿತ್ತು. ಮೊದಮೊದಲು ನಿಲ್ಲಿಸಿದಾಗಲೆಲ್ಲ ನಾಚಿಕೆಯಿಂದ ಕೆಳಗೆ ನೋಡುತ್ತಿದ್ದರು. ಆಮೇಲೆ ನೋಡುವುದನ್ನು ಬಿಟ್ಟರು. ನಿಲ್ಲಿಸಿದಲ್ಲಿ ಅವಸರವಿಲ್ಲದೆ ಉಸಿರು ತುಂಬಿಕೊಂಡು, ಬಿಟ್ಟ ಸ್ವರವನ್ನು ಅಲ್ಲೇ ಹಿಡಿದುಕೊಂಡು ಮುಂದುವರಿಯುತ್ತಿದ್ದರು. ಪಿಟೀಲಿನವರು ಬಾಗಿ ಕೇಳತೊಡಗಿದ್ದರು. ಒಂದೇ ಕಡೆ ಕೂತ ಮನುಷ್ಯ ಅಷ್ಟು ದೂರ ಹೋಗಿ ಬರುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹಿಂದಿನ ಸಾಲುಗಳಲ್ಲಿ ಮಾತು ಶುರುವಾಗಿತ್ತು. ಒಬ್ಬಿಬ್ಬರು ಎದ್ದರು. ಗೋಡೆಯ ಹತ್ತಿರದಿಂದ ಯಾರೋ ಕೂಗಿದರು: "ಮೇಷ್ಟ್ರೇ, ದಿಬ್ಬಣದ್ದು ಹಾಕಿ."

ಇನ್ನೊಬ್ಬರು ಅದನ್ನೇ ಹೇಳಿದರು. ಒಂದಷ್ಟು ಚಪ್ಪಾಳೆ ಬಿತ್ತು. ಅಧ್ಯಕ್ಷರು ಮುಂದಿನ ಸಾಲಿನಿಂದ ಹಿಂದಕ್ಕೆ ತಿರುಗಿ ಜನರನ್ನು ನೋಡಿದರು, ಮುಂದಕ್ಕೆ ತಿರುಗಿ ಮೇಷ್ಟ್ರನ್ನು ನೋಡಿದರು, ಆಮೇಲೆ ಎಲ್ಲ ನನ್ನದೇ ತಪ್ಪು ಎಂಬಂತೆ ನನ್ನನ್ನು ನೋಡಿದರು. ಮೇಷ್ಟ್ರು ಕ್ಲಾರಿಯೋನೆಟ್ಟನ್ನು ತೊಡೆಯ ಮೇಲೆ ಮಲಗಿಸಿದರು. ಏಳುತ್ತಾರೆ, ಟವೆಲ್ಲು ಬಿಚ್ಚಿ ಎದ್ದು ನಿಲ್ಲುತ್ತಾರೆ ಎಂದೇ ನಾನು ತಿಳಿದೆ. ಅವರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅದು ಕ್ಯಾಸೆಟ್ಟಲ್ಲಿ ಐತೆ," ಎಂದರು. ಸಿಟ್ಟಿರಲಿಲ್ಲ, ಅಂಗಡಿಯ ದಾರಿ ಹೇಳುವ ಧ್ವನಿ. "ಫೋನಲ್ಲೂ ಐತಂತೆ. ಮನೇಗ್ಹೋಗಿ ಹಾಕ್ಕೊಂಡು ಕೇಳಿ, ಎಷ್ಟ್ ಸಲ ಬೇಕಾದ್ರೂ ಬತ್ತದೆ. ಇದು ಹಂಗಲ್ಲ. ಇದು ಇವತ್ತು, ಇಲ್ಲಿ ಮಾತ್ರ."

ಕೆಲವರು ನಕ್ಕರು. ಮೇಷ್ಟ್ರು ಮತ್ತೆ ಕಾಂಬೋಧಿಯನ್ನು ಬಿಟ್ಟ ಜಾಗದಿಂದ ಎತ್ತಿಕೊಂಡರು. ಜನ ಎದ್ದು ಹೋಗತೊಡಗಿದರು. ಜಗಳವಾಡಿಕೊಂಡಲ್ಲ, ಬಸ್ಸಿನ ಹೊತ್ತಾದವರಂತೆ, ಬಗ್ಗಿಕೊಂಡು, ಚಪ್ಪಲಿ ಹುಡುಕಿಕೊಂಡು. ಗೋಡೆಯ ಸಾಲು ಮೊದಲು ಖಾಲಿಯಾಯಿತು, ಆಮೇಲೆ ಹಿಂದಿನ ಕುರ್ಚಿಗಳು. ವಿಡಿಯೊದವನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡ. ಹಾಗಾಗಿ ಆ ಸಂಜೆಯ ಯಾವ ರೆಕಾರ್ಡೂ ಇಲ್ಲ. ಉಳಿದವರು ಸಭೆಯ ಖಾಯಂ ಮುಖಗಳು, ಶಾಲೆಯ ಕಾವಲಿನವರು, ಕಂಬದ ಪಕ್ಕದ ಆಕೆ. ಅಧ್ಯಕ್ಷರೂ ಉಳಿದರು. ಮೊದಲು ಮರ್ಯಾದೆಗೆ ಉಳಿದರೆಂದು ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅವರ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ತಪ್ಪು ತಪ್ಪಾಗಿ. ಮೇಷ್ಟ್ರು ಯಾರು ಹೋದರು, ಯಾರು ಇದ್ದರು ಎಂದು ತಲೆಯೆತ್ತಿ ನೋಡಲಿಲ್ಲ. ಕಾಂಬೋಧಿ ಮುಗಿಸಿದರು, ಇನ್ನೆರಡು ಸಣ್ಣವನ್ನು ನುಡಿಸಿದರು, ಮಂಗಳ ನುಡಿಸಿದರು. ಪೂರ್ತಿ ಕಚೇರಿ, ಕ್ರಮಪ್ರಕಾರ.

ಮುಗಿದ ಮೇಲೆ ಅಧ್ಯಕ್ಷರು ಹಾರ ಹಾಕಿದರು. ಪಿಟೀಲು, ಮೃದಂಗದವರು ಕೈ ಮುಗಿದು ರೈಲಿಗೆ ಹೊರಟರು. ಶಾಮಿಯಾನದವರು ಬಂದು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿದರು, ಮೈಕಿನ ವೈರು ಸುತ್ತಿದರು, ವೇದಿಕೆಯ ಜಮಖಾನವನ್ನು ಎರಡೂ ತುದಿಯಿಂದ ಸುತ್ತಿಕೊಂಡು ಬಂದರು. ಮೇಷ್ಟ್ರು ಇನ್ನೂ ಕೂತೇ ಇದ್ದರು. ಕಾಲು ಜೋಮು ಹಿಡಿದಿರಬೇಕು, ಉಸಿರು ಕಟ್ಟಿರಬೇಕು, ಡಾಕ್ಟರು ಹೇಳಿದ್ದು ನಿಜವಾಗಿರಬೇಕು ಎಂದೆಲ್ಲ ನನಗೆ ಒಟ್ಟಿಗೇ ಹೊಳೆಯಿತು. ಓಡಿ ಹತ್ತಿ, ತೋಳಿಗೆ ಕೈ ಹಾಕಿದೆ. ಆ ಕಡೆಯಿಂದ ಶಾಮಿಯಾನದವರೊಬ್ಬರು ಹಿಡಿದುಕೊಂಡರು.

ಮೇಷ್ಟ್ರು ನಮ್ಮಿಬ್ಬರ ಕೈಯನ್ನೂ ಮೆಲ್ಲಗೆ ಬಿಡಿಸಿದರು. "ಏನೂ ಆಗಿಲ್ಲ," ಎಂದರು. "ಎಬ್ಬಿಸ್ಬ್ಯಾಡಿ. ಇನ್ನೊಂದ್ ಸ್ವಲ್ಪ ಹೊತ್ತು ಕೂತಿರ್ತೀನಿ."

ಶಾಮಿಯಾನದವರು ಸುರುಳಿ ಸುತ್ತಿದ್ದ ಜಮಖಾನವನ್ನು ಅವರ ಎರಡೂ ಪಕ್ಕದಲ್ಲಿ ಹಾಗೇ ಬಿಟ್ಟು, ಬೀಡಿ ಹಚ್ಚಲು ಹೊರಗೆ ಹೋದರು.